ಒಬ್ಬರೇ ಸಹ್ಯಾದ್ರಿ ಹತ್ತುವವರು ಇಲ್ಲಿ ಯಾರಿದ್ದೀರಿ? ಏಣಿಯ ಬುಡದಿಂದ ತಿರುಗಿ ಬಂದ ನನ್ನ ಭೀಮಾಶಂಕರ

ಇಂಡಿ_ಚಿಂಚವಾಡ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಒಂಬತ್ತು ವರ್ಷದಿಂದ ಚಿಂಚವಾಡದಲ್ಲಿ ಗಾಡಿ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದೇನೆ. ಇಲ್ಲಿಯ ಎಂಐಡಿಸಿಗೆ, ಅಂದರೆ ಕೈಗಾರಿಕಾ ಪ್ರದೇಶಕ್ಕೆ, ವಾರದ ರಜೆ ಗುರುವಾರ. ಗೆಳೆಯರಿಗೆಲ್ಲ ರವಿವಾರ. ಹಾಗಾಗಿ ಒಬ್ಬನೇ ಬೆಟ್ಟ ಹತ್ತುವುದು ನನಗೆ ಮೊದಮೊದಲು ಆಯ್ಕೆಯೇನೂ ಆಗಿರಲಿಲ್ಲ, ಜೊತೆಗೆ ಬರುವವರೇ ಇರಲಿಲ್ಲ. ಈಗ ರವಿವಾರ ಯಾರಾದರೂ ಕರೆದರೂ ಮನಸ್ಸು ಒಪ್ಪುವುದಿಲ್ಲ. ರವಿವಾರ ಜಾತ್ರೆಯಾಗಿರುವ ಲೋಹಗಡ ಕೋಟೆಯಲ್ಲಿ ಗುರುವಾರ ನನ್ನ ಉಸಿರು ನನಗೇ ಕೇಳಿಸುತ್ತದೆ.

ಹೋದ ಗುರುವಾರದ ಕಥೆ ಹೇಳಬೇಕು. ನಮ್ಮ ಹೊಲದ ಬದುವಿನ ಮೇಲೆ ನಿಂತರೆ ಭೀಮಾ ನದಿ ಕಾಣುತ್ತದೆ. ಉಜನಿಯಿಂದ ನೀರು ಬಿಟ್ಟರೆಂದು ಸುದ್ದಿ ಬಂದರೆ ಊರಿನವರೆಲ್ಲ ಹೊಳೆಯಿಂದ ಮೋಟಾರು ಎತ್ತಲು ಓಡುತ್ತಾರೆ. 2020ರ ಅಕ್ಟೋಬರಿನಲ್ಲಿ ಹೊಳೆ ಬಂದಾಗ ನಮ್ಮ ತೊಗರಿ ಮೂರು ದಿನ ನೀರೊಳಗಿತ್ತು. ಆಗ ನಾನು ಪುಣೆಯಲ್ಲಿ ಸೇತುವೆಯ ಮೇಲೆ ನಿಂತು ಮುಠಾ ನದಿ ನೋಡುತ್ತಿದ್ದೆ. ಮುಳಾ, ಮುಠಾ, ಇಂದ್ರಾಯಣಿ ಎಲ್ಲವೂ ಕೊನೆಗೆ ಭೀಮೆಗೇ ಸೇರುತ್ತವೆ. ಇಲ್ಲಿ ನನ್ನ ಕಾಲ ಕೆಳಗೆ ಹರಿಯುವ ನೀರೇ ಅಲ್ಲಿ ಅಪ್ಪನ ಹೊಲಕ್ಕೆ ನುಗ್ಗುತ್ತಿದೆ ಅನ್ನಿಸಿ ಅವತ್ತು ನಿದ್ದೆ ಬರಲಿಲ್ಲ. ಈ ಹೊಳೆ ಹುಟ್ಟುವ ಜಾಗವನ್ನು ನಡೆದೇ ಹೋಗಿ ನೋಡಬೇಕು ಎಂಬ ಆಸೆ ಅವತ್ತಿನದು.

ಭೀಮೆ ಹುಟ್ಟುವ ಭೀಮಾಶಂಕರಕ್ಕೆ ಪುಣೆಯಿಂದ ಎಸ್‌ಟಿ ಬಸ್ಸು ಗುಡಿಯ ತನಕ ಹೋಗುತ್ತದೆ. ಆದರೆ ಕೊಂಕಣದ ಕಡೆಯಿಂದ, ಕೆಳಗಿನಿಂದ ಹತ್ತಬೇಕು ಅನ್ನಿಸಿತ್ತು. ಲೋಣಾವಳಾ ಲೋಕಲ್ ಹಿಡಿದು, ಅಲ್ಲಿಂದ ಕರ್ಜತ್, ಕಶೇಳೆ ಮೇಲೆ ಖಾಂಡಸ್ ಹಳ್ಳಿ. ಅಲ್ಲಿ ಎರಡು ದಾರಿ: ಗಣೇಶ ಘಾಟ್ ಸುತ್ತು, ಆದರೆ ಹದ. ಶಿಡಿ ಘಾಟ್ ನೇರ ಮತ್ತು ಕಡಿದು. ಬಂಡೆಗೆ ಕಬ್ಬಿಣದ ಏಣಿ ನಿಲ್ಲಿಸಿದ್ದಾರೆ, ಮರಾಠಿಯಲ್ಲಿ ಶಿಡಿ ಅಂದರೆ ಏಣಿ, ಅದಕ್ಕೇ ಆ ಹೆಸರು. ನಾನು ಶಿಡಿ ಹಿಡಿದೆ.

ಮೊದಲನೆಯ ಏಣಿಯ ಹತ್ತಿರ ಬಂದಾಗ ಮೇಲಿನಿಂದ ಕೊಡದಲ್ಲಿ ಸುರಿದ ಹಾಗೆ ನೀರು ಬೀಳುತ್ತಿತ್ತು. ಮೂರನೆಯ ಮೆಟ್ಟಿಲ ತನಕ ಹತ್ತಿದೆ. ಹಿಡಿದ ಕಂಬಿ ನಡುಗುತ್ತಿತ್ತು, ಗಾಳಿಗಲ್ಲ, ನೀರಿನ ಹೊಡೆತಕ್ಕೆ. ಅಂಗೈ ತೆಗೆದು ನೋಡಿದರೆ ತುಕ್ಕು ಕೆಂಪಗೆ ಅಂಟಿತ್ತು. ನೋಡುತ್ತಿದ್ದ ಹಾಗೇ ನೀರು ಅದನ್ನು ತೊಳೆದುಕೊಂಡು ಹೋಯಿತು. ಅಷ್ಟೇ. ಇಳಿದೆ. ಯಾರಿಗೂ ಕಾರಣ ಹೇಳಬೇಕಾಗಿರಲಿಲ್ಲ.

ನನ್ನ ಮಾತು ಇಲ್ಲಿದೆ. ಎರಡು ವರ್ಷದ ಹಿಂದೆ ದುಡ್ಡು ಕಟ್ಟಿ ಹನ್ನೊಂದು ಜನರ ಗುಂಪಿನಲ್ಲಿ ಒಂದು ಕೋಟೆಗೆ ಹೋಗಿದ್ದೆ. ದಾರಿಯಲ್ಲಿ ಹಳ್ಳ ಏರುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ‘ನಾನೇ ಮೊದಲು ಹೆದರಿದೆ ಅಂದುಕೊಂಡರೆ?’ ಎಂದು ನಾನೂ ಸುಮ್ಮನಿದ್ದೆ. ದಾಟುವಾಗ ಒಬ್ಬ ಹುಡುಗ ಜಾರಿ ಮಣಿಕಟ್ಟು ಮುರಿದುಕೊಂಡ. ಹಗ್ಗ ಹಿಡಿದಿದ್ದವನು ನಾನು. ಆ ಮೌನ ನನ್ನನ್ನು ಇನ್ನೂ ಕಾಡುತ್ತದೆ. ಒಬ್ಬನೇ ಇದ್ದಾಗ ತಿರುಗಿ ಬರುವುದು ಸುಲಭ. ಅದಕ್ಕೇ ಒಬ್ಬನೇ ಹೋಗುವುದು ನನಗೆ ಹೆಚ್ಚು ಸುರಕ್ಷಿತ ಅನ್ನಿಸುತ್ತದೆ.

ಆಮೇಲೆ ಗಣೇಶ ಘಾಟ್ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ಮಂಜು ಇಳಿಯಿತು. ಕಾರ್ವಿ ಗಿಡಗಳ ನಡುವೆ ದಾರಿ ಮೂರಾಯಿತು, ಮೂರೂ ಒಂದೇ ಥರ. ನಿಂತೆ. ಎಲ್ಲೋ ದನದ ಗಂಟೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಪ್ಲಾಸ್ಟಿಕ್ ಚೀಲದ ಕೊಪ್ಪೆ ಹಾಕಿಕೊಂಡ ಅಜ್ಜಿಯೊಬ್ಬರು ಬಂದರು, ಬುಟ್ಟಿ ತುಂಬ ಟಾಕಳಾ ಸೊಪ್ಪು. ‘ಏಕಟಾಚ್ ಕಾ?’ ಎಂದರು. ಹೌದು ಆಜಿ, ಒಬ್ಬನೇ ಎಂದೆ. ಯಾವ ಊರು ಎಂದು ಕೇಳಿದ್ದಕ್ಕೆ ಭೀಮಾ ದಂಡೆಯವನು, ಹೊಳೆಯ ಮೂಲ ನೋಡಲು ಹೊರಟಿದ್ದೇನೆ ಎಂದೆ. ಅಜ್ಜಿ ಪಕ್ಕದಲ್ಲಿ ಹರಿಯುತ್ತಿದ್ದ ನೀರು ತೋರಿಸಿ, ಇದು ನಿಮ್ಮ ಕಡೆಗೆ ಬರುವುದಿಲ್ಲ, ಇದು ಕೊಂಕಣಕ್ಕೆ ಇಳಿಯುತ್ತದೆ, ಮೇಲೆ ಧಾರೆಯ, ಅಂದರೆ ಬೆಟ್ಟದ ನೆತ್ತಿಯ ಸಾಲಿನ, ಆಚೆ ಬಿದ್ದದ್ದು ನಿಮ್ಮದು ಎಂದರು.

ಶಾಲೆಯಲ್ಲಿ ಓದಿದ್ದೆ. ಅರಬ್ಬಿ ಸಮುದ್ರದ ಮೋಡ ಬೆಟ್ಟಕ್ಕೆ ತಾಗುತ್ತದೆ, ಈಚೆ ಬಿದ್ದ ಹನಿ ತಿರುಗಿ ಅದೇ ಸಮುದ್ರಕ್ಕೆ, ಆಚೆ ಬಿದ್ದ ಹನಿ ಪಂಢರಪುರ, ನಮ್ಮೂರು, ಕಲಬುರಗಿ ಜಿಲ್ಲೆ ದಾಟಿ ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ. ಓದಿದ್ದು ಬೇರೆ, ಮಳೆಯಲ್ಲಿ ನಿಂತು ಕೇಳಿಸಿಕೊಂಡದ್ದು ಬೇರೆ.

ಅಜ್ಜಿ ಸರಿಯಾದ ದಾರಿಯ ತನಕ ಬಂದು, ಮೇಲೆ ಹೋಗುವುದು ಬೇಡ, ಕತ್ತಲಾಗುತ್ತದೆ ಎಂದರು. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಬ್ಯಾಗಿನಲ್ಲಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆ. ಅದನ್ನು ತೆಗೆದುಕೊಂಡರು. ಇಳಿದು ಬಂದೆ. ಮೂಲ ನೋಡಲಿಲ್ಲ.

ನೀವು ಒಬ್ಬರೇ ಹೋಗುತ್ತೀರಾ? ಯಾವಾಗ ತಿರುಗಿ ಬರುತ್ತೀರಿ? ತಿಳಿದವರು ಬರೆಯಿರಿ.

ಕುಂದಾಪ್ರ_ಡೊಂಬಿವಲಿ

ಆ ಟಾಕಳಾ ಅಂದರೆ ನಮ್ಮ ಚಗಟೆ ಸೊಪ್ಪು ಮಾರಾಯ್ರೆ! ತುಳುವಿನಲ್ಲಿ ತಜಂಕ್. ಆಟಿ ತಿಂಗಳಿನಲ್ಲಿ ಅಮ್ಮ ಪತ್ರೊಡೆಯ ಹಾಗೆ ಮಾಡುತ್ತಿದ್ದರು. ಡೊಂಬಿವಲಿ ಸ್ಟೇಷನ್ ಹೊರಗೆ ಮಳೆಗಾಲದಲ್ಲಿ ಬೆಟ್ಟದ ಕಡೆಯ ಹೆಂಗಸರು ಕಟ್ಟು ಕಟ್ಟಿ ಮಾರುತ್ತಾರೆ. ಇನ್ನು ಮೇಲೆ ತರುವಾಗ ನಿಮ್ಮ ಅಜ್ಜಿ ನೆನಪಾಗುತ್ತಾರೆ.

ನಾನು ನಲವತ್ತೊಂದು ವರ್ಷದವಳು, ಒಬ್ಬಳೇ ಹೋಗುತ್ತೇನೆ. ಹೆಂಗಸರ ಲೆಕ್ಕ ಸ್ವಲ್ಪ ಬೇರೆ. ಬೆಟ್ಟದ ಮೇಲೆ ನನಗೆ ಭಯವಾಗುವುದು ಕಡಿಮೆ. ಭಯ ಇರುವುದು ಬೆಳಗಿನ ಜಾವ ನಾಲ್ಕಕ್ಕೆ ಮನೆಯಿಂದ ಸ್ಟೇಷನ್ನಿಗೆ ನಡೆಯುವ ಹದಿನೈದು ನಿಮಿಷ, ಮತ್ತೆ ಇಳಿದ ಮೇಲೆ ಸಂಜೆ ಖಾಲಿ ಜೀಪಿನಲ್ಲಿ ಕೂರುವ ಹೊತ್ತು. ಕಾಡಿನ ಬಗ್ಗೆ ಎಲ್ಲರೂ ಬುದ್ಧಿ ಹೇಳುತ್ತಾರೆ, ಈ ಎರಡರ ಬಗ್ಗೆ ಯಾರೂ ಹೇಳುವುದಿಲ್ಲ. ನಾನು ಯಾವಾಗಲೂ ಮೊದಲ ಲೋಕಲ್‌ನ ಲೇಡೀಸ್ ಡಬ್ಬಿ, ಹಳ್ಳಿಯಲ್ಲಿ ಇಳಿದ ಕೂಡಲೇ ಒಂದು ಮನೆಯಲ್ಲಿ ಚಹಾ. ಚಹಾ ಕುಡಿಯುವುದು ಬಾಯಾರಿಕೆಗಲ್ಲ. ಆ ಮನೆಯ ಹೆಂಗಸಿಗೆ ನನ್ನ ಮುಖ ಗೊತ್ತಾಗಬೇಕು, ‘ಸಂಜೆ ನಾಲ್ಕಕ್ಕೆ ಇಲ್ಲೇ ಊಟಕ್ಕೆ ಬರುತ್ತೇನೆ, ಪಿಠ್ಲಾ ಭಾಕರಿ ಮಾಡಿಡಿ’ ಎಂದು ಹೇಳಿ ಹೋಗುತ್ತೇನೆ. ಬಾರದಿದ್ದರೆ ಅಡುಗೆ ಮಾಡಿ ಕಾದವಳು ಸುಮ್ಮನೆ ಕೂರುವುದಿಲ್ಲ. ಫೋನಿನ ಯಾವ ಆಪ್‌ಗಿಂತ ನನಗೆ ಈ ಭಾಕರಿಯ ಮೇಲೆ ನಂಬಿಕೆ.

ಮೊದಲ ಸಲ ಕಳಸೂಬಾಯಿಗೆ ಹೋದದ್ದು ಹೀಗೆಯೇ. ಕಸಾರಾ ಲೋಕಲ್, ಅಲ್ಲಿಂದ ಬಾರಿ ಹಳ್ಳಿ. 1,646 ಮೀಟರ್, ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ. ತುದಿಯಲ್ಲಿ ಚಿಕ್ಕ ದೇವಿಯ ಗುಡಿ. ಅಲ್ಲಿ ಕೂತು ಡಬ್ಬಿ ತೆಗೆದಾಗ ಹಠಾತ್ತನೆ ಅಳು ಬಂತು. ದುಃಖ ಏನೂ ಇರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ನನ್ನ ಡಬ್ಬಿಯನ್ನು ಬೇರೆ ಯಾರಿಗೂ ಬಡಿಸದೆ ನಾನೊಬ್ಬಳೇ ತಿನ್ನುತ್ತಿದ್ದೆ. ಮನೆಗೆ ಬಂದಾಗ ಅತ್ತೆ ಕೇಳಿದ್ದು ಒಂದೇ: ದೇವಿಗೆ ಅರಿಶಿನ ಕುಂಕುಮ ಹಾಕಿದ್ಯಾ? ಮುಂದಿನ ಸಲ ಅವರೇ ಪೊಟ್ಟಣ ಕಟ್ಟಿ ಕೊಟ್ಟರು.

ಮಾಟುಂಗಾ_ಹಿರಿಯ

ಇಂಡಿಯ ತಮ್ಮಾ, ನಿನ್ನ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪುವುದಿಲ್ಲ. ಹಿರಿಯನೆಂದು ನೇರ ಹೇಳುತ್ತೇನೆ, ಬೇಜಾರಾಗಬೇಡ.

ನಾನು 1976ರಲ್ಲಿ ಧಾರವಾಡದಿಂದ ಮುಂಬಯಿಗೆ ಬಂದವನು. ಪರೇಲಿನ ಬಟ್ಟೆ ಗಿರಣಿಯೊಂದರ ಆಫೀಸಿನಲ್ಲಿ ಕಾರಕೂನ. 1982ರ ಜನವರಿಯಲ್ಲಿ ಮುಷ್ಕರ ಶುರುವಾಯಿತು. ಕೆಲಸ ಇಲ್ಲ, ಊರಿಗೆ ಹೋಗಲು ಮುಖ ಇಲ್ಲ, ಖೋಲಿಯಲ್ಲಿ ಎಂಟು ಜನ. ಆ ಉಸಿರುಗಟ್ಟುವಿಕೆಯಿಂದ ತಪ್ಪಿಸಿಕೊಳ್ಳಲು ಒಬ್ಬನೇ ಕೋಟೆಗಳಿಗೆ ಹೋಗತೊಡಗಿದೆ. ಕೈಯಲ್ಲಿ ಕಾಸಿಲ್ಲದವನಿಗೆ ಸಹ್ಯಾದ್ರಿ ಒಂದು ಪೈಸೆ ಕೇಳಲಿಲ್ಲ. ಆ ಋಣ ನನ್ನ ಮೇಲಿದೆ.

ಆ ವರ್ಷ ಡಿಸೆಂಬರಿನಲ್ಲಿ ಹರಿಶ್ಚಂದ್ರಗಡಕ್ಕೆ ಹೊರಟೆ. ಖಿರೇಶ್ವರದಿಂದ ತೋಲಾರ್ ಖಿಂಡಿಯ ದಾರಿ. ಖಿಂಡಿಯಲ್ಲಿ ಹುಲಿ ಕೆತ್ತಿದ ಒಂದು ಕಲ್ಲಿದೆ, ನೋಡಿದವರಿಗೆ ಗೊತ್ತು. ಅದಕ್ಕೆ ಕೂಗಳತೆಯಲ್ಲಿ, ಸಪಾಟು ದಾರಿಯಲ್ಲಿ, ಏನೂ ಅಪಾಯವಿಲ್ಲದ ಜಾಗದಲ್ಲಿ ಉರುಟು ಕಲ್ಲಿನ ಮೇಲೆ ಕಾಲಿಟ್ಟು ಪಾದ ತಿರುಚಿತು. ಎಲುಬಿನ ಸದ್ದು ನಾನೇ ಕೇಳಿದೆ. ಸಂಜೆ ಐದು ಗಂಟೆ. ತೆವಳಿಕೊಂಡು ಆ ಹುಲಿಗಲ್ಲಿನ ಹತ್ತಿರ ಬಂದು ಬೆನ್ನು ಕೊಟ್ಟು ಕೂತೆ. ರಾತ್ರಿಯಿಡೀ ಚಳಿಗೆ ಹಲ್ಲು ಕಟಕಟ. ಎಷ್ಟು ಕೂಗಿದೆನೆಂದರೆ ನಡುರಾತ್ರಿಯ ಹೊತ್ತಿಗೆ ಗಂಟಲೇ ಹೋಯಿತು. ಬೆಳಿಗ್ಗೆ ಹುಲ್ಲಿಗೆ ಬಂದ ಖಿರೇಶ್ವರದ ಇಬ್ಬರು ನೋಡಿ, ಊರಿಗೆ ಹೋಗಿ ಏಣಿ ತಂದು, ಅದರ ಮೇಲೆ ಕಂಬಳಿ ಹಾಸಿ ಹೊತ್ತುಕೊಂಡು ಹೋದರು. ನಾಲ್ಕು ಜನರ ಒಂದು ದಿನದ ಕೂಲಿ ನನ್ನಿಂದ ಹೋಯಿತು.

ತಿರುಗಿ ಬರುವ ನಿರ್ಧಾರ ಒಬ್ಬನೇ ಇದ್ದಾಗ ಸುಲಭ ಎಂದೆಯಲ್ಲ, ನಿಜ. ಆದರೆ ಕಾಲು ಮುರಿದವನಿಗೆ ನಿರ್ಧಾರ ಇರುವುದಿಲ್ಲ. ಈಗ ಲೋಣಾವಳಾದ ಶಿವದುರ್ಗ ಮಿತ್ರದಂಥ ಸ್ವಯಂಸೇವಕರು ಇದ್ದಾರೆ. ಅಂಗಡಿ, ನೌಕರಿ ಬಿಟ್ಟು ನಡುರಾತ್ರಿ ಹಗ್ಗ ಹೊತ್ತು ಬರುವವರು. ಅವರ ಮನೆಯಲ್ಲೂ ಹೆಂಡತಿ ಮಕ್ಕಳು ಕಾಯುತ್ತಾರೆ. ಡೊಂಬಿವಲಿಯ ತಂಗಿಯ ಭಾಕರಿ ಉಪಾಯ ನನಗೆ ಆಗ ಹೊಳೆದಿದ್ದರೆ ರಾತ್ರಿಯೇ ಹುಡುಕಿಕೊಂಡು ಬರುತ್ತಿದ್ದರು. ಒಂದು ಸೀಟಿ ಇಟ್ಟುಕೊಳ್ಳಿ. ಗಂಟಲು ಸೋಲುತ್ತದೆ, ಸೀಟಿ ಸೋಲುವುದಿಲ್ಲ. ಆರು ಸಲ ಊದಿ ಒಂದು ನಿಮಿಷ ಬಿಡುವುದು ಬೆಟ್ಟದವರ ಸಂಕೇತ.

ಹಿಂಜವಡಿ_ಹೊಸಬ

ನಾನು ಪುಣೆಗೆ ಬಂದು ಐದು ತಿಂಗಳು. ದಾವಣಗೆರೆಯವನು. ಬೆಟ್ಟದ ಅನುಭವ ಇಲ್ಲ. ಒಬ್ಬನೇ ಮೊದಲು ಎಲ್ಲಿಗೆ ಹೋಗಬಹುದು?

ಇಂಡಿ_ಚಿಂಚವಾಡ

ಸಿಂಹಗಡ. ಸ್ವಾರಗೇಟಿನಿಂದ ಪಿಎಂಪಿ ಸಿಟಿ ಬಸ್ಸು ಬೆಟ್ಟದ ಬುಡದ ತನಕ. ದಾರಿಯಲ್ಲಿ ದಿನವೂ ಜನ ಇರುತ್ತಾರೆ, ಬೆಳಿಗ್ಗೆ ಅರವತ್ತು ದಾಟಿದ ಅಜ್ಜಂದಿರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ಅಲ್ಲಿ ನಾಲ್ಕು ಸಲ ಹತ್ತಿ ನಿನ್ನ ಉಸಿರು, ಮೊಣಕಾಲು, ಎಷ್ಟು ನೀರು ಬೇಕು ಇದೆಲ್ಲ ತಿಳಿದುಕೊ. ಮಳೆ ನಿಂತ ಮೇಲೆ ರಾಜಗಡ. ಅಲ್ಲಿ ಪದ್ಮಾವತಿ, ಸುವೇಳಾ ಎಂಬ ಮಾಚಿಗಳಿವೆ, ಮಾಚಿ ಅಂದರೆ ಕೋಟೆಯ ಚಾಚು. ರಾಜಗಡದಿಂದ ತೋರಣಾಕ್ಕೆ ಹೋಗುವ ಧಾರೆಯ ದಾರಿ ಮಾತ್ರ ಸದ್ಯಕ್ಕೆ ಬೇಡ, ನಡುವೆ ನೀರು ಸಿಗದು.

ಹಿರಿಯರೇ, ನಿಮ್ಮ ಮಾತು ಎರಡು ಸಲ ಓದಿದೆ. ನಾಲ್ಕು ಜನರ ಒಂದು ದಿನದ ಕೂಲಿ, ಅದನ್ನು ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಾಳೆಯೇ ಸೀಟಿ ತರುತ್ತೇನೆ.

ವಾಸ್ಕೋ_ಸವಣೂರ

ನಮಸ್ಕಾರ್ರೀ ಎಲ್ಲಾರಿಗೂ. ನಾ ಗೋವಾದಾಗ ಹೋಟೆಲ್ ಕಿಚನ್‌ದಾಗ ಕೆಲಸಾ ಮಾಡ್ತೀನಿ. ದಿನಾ ಹನ್ನೆರಡು ತಾಸು ಎಕ್ಸಾಸ್ಟ್ ಫ್ಯಾನಿನ ಸದ್ದು ಕಿವಿಯಾಗ. ಮಲಗಿದ್ರೂ ಅದು ನಿಲ್ಲಂಗಿಲ್ಲ. ಸೋಮವಾರ ರಜಾ. ನೇತ್ರಾವಳಿ ಕಾಡಿನಾಗ ಹೋಗಿ ಕುಂತ್ರ ಒಂದು ತಾಸಿನ ಮ್ಯಾಲ ಆ ಸದ್ದು ಇಳಿತೈತಿ. ಅದಕ್ಕ ಹೋಗ್ತೀನಿ, ಬ್ಯಾರೆ ಕಾರಣಾ ಇಲ್ಲ. ಸಿಳ್ಳಾರ ಹಕ್ಕಿ ಹಾಡೂದು ಕೇಳೀರೇನ್ರೀ? ನಸುಕಿನ್ಯಾಗ ಯಾವ್ನೋ ಹುಡುಗ ಸೀಟಿ ಹೊಡಕೋತ ಹೊಂಟಂಗ ಇರ್ತೈತಿ.

ಒಂದು ದಿನ ದಾರಿ ತಿರುವಿನ್ಯಾಗ ಕಾಡುಕೋಣ. ಹತ್ತು ಹನ್ನೆರಡು ಹೆಜ್ಜಿ ದೂರ ಅಷ್ಟ. ಮೈ ಎಲ್ಲಾ ಕಪ್ಪು, ಮೊಣಕಾಲ ಕೆಳಗ ನಾಲ್ಕೂ ಕಾಲಿಗೆ ಬಿಳೀ ಸಾಕ್ಸ್ ಹಾಕಿದಂಗ. ಮೂಗಿನಾಗಿಂದ ಉಸಿರಿನ ಹಬಿ ಬರೂದು ಕಾಣ್ತಿತ್ತು. ಕಿವಿ ಮ್ಯಾಲ ಒಂದು ನೊಣ ಕುಂತಿತ್ತು, ಅದು ಕಿವಿ ಝಾಡಿಸಿದಾಗ ನನ್ನ ಎದಿ ಒಮ್ಮೆ ನಿಂತಂಗ ಆತು. ಓಡಲಿಲ್ಲ. ಕಣ್ಣು ಕೆಳಗ ಮಾಡಿ ಒಂದೊಂದ ಹೆಜ್ಜಿ ಹಿಂದಕ ಸರಿದು ದೊಡ್ಡ ಮರದ ಮರಿಗೆ ನಿಂತೆ. ಅರ್ಧಾ ತಾಸು ಅದು ಹುಲ್ಲು ತಿಂದು, ತನ್ನ ಪಾಡಿಗೆ ಇಳಿದು ಹೋತು. ಗೋವಾ ರಾಜ್ಯದ ಪ್ರಾಣಿನೂ ಅದ. ನಾಲ್ಕು ಮಂದಿ ಕೂಡಿ ಮಾತಾಡ್ಕೋತ ಹೋಗಿದ್ರ ಅದು ಮೊದಲ ಸರಿದು ಹೋಗ್ತಿತ್ತು. ಒಬ್ಬನ ಸಪ್ಪಳಿಲ್ಲದ ಹೋಗೂದರ ಲಾಭನೂ ಅದ, ಅಪಾಯನೂ ಅದ. ಅದಕ್ಕ ತಿರುವು ಬಂದಲ್ಲಿ ಈಗ ಕೋಲಿನಿಂದ ನೆಲ ಕುಟ್ಟತೀನಿ.

ಇನ್ನೊಂದು ಮಾತು. ದೂಧಸಾಗರಕ್ಕ ರೈಲು ಹಳಿ ಮ್ಯಾಲ ನಡೆದು ಹೋಗಬ್ಯಾಡ್ರಿ. ನಮ್ಮ ಕಡೆ ಹುಡುಗ್ರು ಕ್ಯಾಸಲ್‌ರಾಕ್‌ನಿಂದ ಈಗೂ ಹೊಂಡ್ತಾರ. ಅದು ಕಾನೂನಿನ ವಿರುದ್ಧ, ಸುರಂಗದಾಗ ಗಾಡಿ ಬಂದ್ರ ಸರಿಯಾಕ ಜಾಗ ಇಲ್ಲ. 310 ಮೀಟರ್ ಎತ್ತರದ ನೀರು ರೈಲಿನ ಕಿಡಕಿಯಾಗ ಕುಂತ್ರೂ ಕಾಣ್ತೈತಿ. 2023ರ ಮಳಿಗಾಲದಾಗ ಮಂದಿ ಮುಳುಗಿ ಸತ್ತ ಮ್ಯಾಲ ಗೋವಾದಾಗ ಜಲಪಾತಕ್ಕ ಹೋಗೂದನ್ನ ಬಂದ್ ಮಾಡಿದ್ರು. ಮಳಿಗಾಲದಾಗ ಹೊಂಡೂ ಮೊದಲ ಅರಣ್ಯ ಇಲಾಖೆ ನಾಕಾದಾಗ ಕೇಳ್ರಿ, ರೊಕ್ಕಾ ಕಟ್ಟಿ ಚೀಟಿ ತಗೊಂಡು ಒಳಗ ಹೋಗ್ರಿ.

ಥಾಣೆ_ವೈದ್ಯೆ

ಚಿಕ್ಕದಾಗಿ ಎರಡು ವಿಷಯ.

ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು, ಉಂಗುರ, ವಾಚು, ಬೂಟು ತೆಗೆದು ಆಸ್ಪತ್ರೆಗೆ. 112ಕ್ಕೆ ಕರೆ ಮಾಡಿ. ನಮ್ಮಲ್ಲಿ ಸಿಗುವ ಔಷಧಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಮಳೆಗಾಲದಲ್ಲಿ ಪೊದೆಯ ಮೇಲೆ ಕೂರುವ ಹಸಿರು ಬಿದಿರು ಮಂಡಲ ಅದರಲ್ಲಿ ಸೇರಿಲ್ಲ. ಹಾಗಾಗಿ ಕೈ ಇಡುವ ಮೊದಲು ಕೊಂಬೆ ನೋಡಿ.

ಎರಡನೆಯದು ಚಳಿ. ಜುಲೈಯಲ್ಲಿ ಒದ್ದೆ ಬಟ್ಟೆಯಲ್ಲಿ, ಗಾಳಿಯಲ್ಲಿ ನಾಲ್ಕು ತಾಸು ಇದ್ದರೆ ಸಹ್ಯಾದ್ರಿಯಲ್ಲೂ ಮೈಶಾಖ ಇಳಿಯುತ್ತದೆ. ನಡುಕ ಹೆಚ್ಚಿ ಮಾತು ತೊದಲತೊಡಗಿದರೆ ಬುದ್ಧಿಯೂ ಮಂಕಾಗುತ್ತದೆ. ಒಬ್ಬರೇ ಇದ್ದಾಗ ಅದನ್ನು ಗುರುತಿಸಿ ಹೇಳುವವರು ಯಾರೂ ಇರುವುದಿಲ್ಲ. ಒಂದು ಜೊತೆ ಒಣ ಬಟ್ಟೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ನಡುಕ ಶುರುವಾದ ಕೂಡಲೇ ಹಾಕಿಕೊಳ್ಳಿ, ‘ಇನ್ನು ಸ್ವಲ್ಪ ದೂರ’ ಅನ್ನಬೇಡಿ. ಕಾಲಿನಲ್ಲಿ ಗಾಯ ಇದ್ದು ಕೆಸರು ನೀರಿನಲ್ಲಿ ನಡೆದು, ಒಂದೆರಡು ವಾರದಲ್ಲಿ ಜ್ವರ ಬಂದರೆ ವೈದ್ಯರಿಗೆ ಈ ನಡಿಗೆಯ ಸಂಗತಿ ತಪ್ಪದೆ ಹೇಳಿ; ಇಲಿಜ್ವರ ಇರಬಹುದು.

ಕುಂದಾಪ್ರ_ಡೊಂಬಿವಲಿ

ಡಾಕ್ಟ್ರೇ, ಒಣ ಬಟ್ಟೆಯ ಮಾತು ನೂರಕ್ಕೆ ನೂರು ಸರಿ. ಭಿವಪುರಿಯಿಂದ ಗಾರ್ಬೆಟ್ ಪಾಯಿಂಟಿಗೆ ಹತ್ತಿದ ದಿನ ನನ್ನ ಬೆರಳುಗಳಿಗೆ ಡಬ್ಬಿಯ ಮುಚ್ಚಳ ತೆಗೆಯಲು ಬರಲಿಲ್ಲ. ಸುಸ್ತು ಅಂದುಕೊಂಡಿದ್ದೆ. ಈಗ ಓದಿದಾಗ ಗೊತ್ತಾಯಿತು ಅದೇನೆಂದು.

ಇಂಡಿ_ಚಿಂಚವಾಡ

ನಾಲ್ಕು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ನಿನ್ನೆ ಗುರುವಾರ ಹೋಗಿ ಬಂದೆ.

ಗಣೇಶ ಘಾಟಿನಿಂದಲೇ. ಖಾಂಡಸಿನಲ್ಲಿ ಒಂದು ಮನೆಯಲ್ಲಿ ಚಹಾ ಕುಡಿದು, ಮೇಲೆ ಹೋಗಿ ಎಸ್‌ಟಿಯಲ್ಲಿ ಪುಣೆಗೆ ಇಳಿಯುತ್ತೇನೆ, ಸಂಜೆ ಐದರೊಳಗೆ ಫೋನ್ ಮಾಡುತ್ತೇನೆ ಎಂದು ನಂಬರ್ ಬರೆದುಕೊಂಡು ಹೋದೆ. ಕೊರಳಲ್ಲಿ ಸೀಟಿ. ನವೆಂಬರಿನಲ್ಲಿ ಬೆಟ್ಟ ಬೇರೆಯೇ. ಜುಲೈಯಲ್ಲಿ ಮೂರು ದಾರಿ ಕಂಡ ಜಾಗಕ್ಕೆ ಬಂದಾಗ ನಗುವಷ್ಟು ಸ್ಪಷ್ಟವಾಗಿ ಒಂದೇ ದಾರಿ ಇತ್ತು. ಉಳಿದ ಎರಡು ದನ ಇಳಿದ ಜಾಡು. ದಾರಿಯಲ್ಲಿ ಸಿಗುವ ಪದರವಾಡಿಯಲ್ಲಿ ಅಜ್ಜಿಯ ಬಗ್ಗೆ ಕೇಳಿದೆ. ಹೆಸರು ನಾನು ಆವತ್ತು ಕೇಳಿರಲೇ ಇಲ್ಲ. ಟಾಕಳಾ ಸೊಪ್ಪು ತರುವ ಅಜ್ಜಿ ಅಂದರೆ ಇಲ್ಲಿ ಎಲ್ಲರ ಮನೆಯಲ್ಲೂ ಒಬ್ಬರಿದ್ದಾರೆ ಎಂದರು. ಒಯ್ದಿದ್ದ ರೊಟ್ಟಿ ಕಟ್ಟನ್ನು ಆ ಮನೆಯಲ್ಲೇ ಕೊಟ್ಟೆ.

ಧಾರೆಯ ಮೇಲೆ ಹತ್ತಿದ ಕೂಡಲೇ ಕಾಡು ದಟ್ಟ. ತಲೆಯ ಮೇಲೆ ಕಟಕಟ ಸದ್ದು, ನೋಡಿದರೆ ಕೆಂದಳಿಲು. ಇಲ್ಲಿ ಶೇಕರು ಎನ್ನುತ್ತಾರೆ, ಮಹಾರಾಷ್ಟ್ರದ ರಾಜ್ಯ ಪ್ರಾಣಿ. ಬಾಲವೇ ಮೈಯಷ್ಟು ಉದ್ದ. ಅದು ಒಂದು ಮರದಿಂದ ಇನ್ನೊಂದಕ್ಕೆ ಹಾರಿದಾಗ ಕೊಂಬೆ ನನ್ನ ಎತ್ತರದ ತನಕ ಬಾಗಿತು.

ಗುಡಿಯಲ್ಲಿ ಕೈ ಮುಗಿದು ಗುಪ್ತ ಭೀಮಾಶಂಕರದ ಕಾಡುದಾರಿ ಹಿಡಿದೆ. ಬಂಡೆಯ ಮೇಲೆ ನೀರು ಜಾರುತ್ತಿತ್ತು. ಕೆಳಗೆ ಕೂತು ಕೈ ಅಡ್ಡ ಇಟ್ಟೆ. ಹೊಳೆ ನಿಂತಿತು. ಅಂಗೈ ತುಂಬಿ, ಬೆರಳ ಸಂದಿಯಿಂದ ಹೊರಟು ಮತ್ತೆ ಹರಿಯಿತು. ನಾನು ಹುಟ್ಟಿದಾಗಿನಿಂದ ಕಂಡ ನದಿ.

ಬಸ್ ನಿಲ್ದಾಣಕ್ಕೆ ಬಂದು ಮೊದಲು ಖಾಂಡಸಿಗೆ, ಆಮೇಲೆ ಅಪ್ಪನಿಗೆ ಫೋನ್ ಮಾಡಿದೆ. ‘ಅಪ್ಪಾ, ಹೊಳಿ ಹುಟ್ಟೋ ಜಾಗಾ ನೋಡಿ ಬಂದೆ.’ ಸ್ವಲ್ಪ ಹೊತ್ತು ಮಾತಿಲ್ಲ. ‘ಎಷ್ಟ ಅಗಲ ಐತಿ?’ ‘ಒಂದು ಗೇಣು.’ ಮತ್ತೆ ಮಾತಿಲ್ಲ. ‘ಒಂದು ಗೇಣು ಇದ್ದದ್ದು ನಮ್ಮ ತೊಗರಿ ಒಯ್ದಿತಲ್ಲೋ,’ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ, ‘ನನ್ನೂ ಒಮ್ಮೆ ಕರಕೊಂಡು ಹೋಗ್ತೀಯೇನು?’ ಎಂದು ಕೇಳಿದರು.

ಅಪ್ಪನಿಗೆ ಅರವತ್ತೊಂಬತ್ತು, ಮೊಣಕಾಲು ನೋವು. ಗುಡಿಗೆ ಬಸ್ ನಿಲ್ದಾಣದಿಂದ ಮೆಟ್ಟಿಲು ಇಳಿದು ಹೋಗಬೇಕು, ಇನ್ನೂರಕ್ಕೂ ಹೆಚ್ಚಿವೆ. ಹಿರಿಯರನ್ನು ಕರೆದುಕೊಂಡು ಹೋದವರು ಇದ್ದರೆ ಹೇಳಿ, ಹೇಗೆ ಮಾಡಿದಿರಿ?

ಮಾಟುಂಗಾ_ಹಿರಿಯ

ಡೋಲಿಯವರು ಸಿಗುತ್ತಾರೆ. ಸೋಮವಾರ ಬೇಡ, ಶಿವರಾತ್ರಿ, ಶ್ರಾವಣ ಬೇಡವೇ ಬೇಡ. ಇಳಿಯುವಾಗ ಮೊಣಕಾಲಿಗೆ ಭಾರ ಹೆಚ್ಚು, ಆದ್ದರಿಂದ ಇಳಿಯಲು ಡೋಲಿ ಮಾಡು, ಹತ್ತುವಾಗ ನಿನ್ನ ಹೆಗಲು ಹಿಡಿದು ನಿಧಾನ ಬರಲಿ, ಅವರಿಗೂ ಹತ್ತಿದೆ ಅನ್ನಿಸಬೇಕು. ಗುಪ್ತ ಭೀಮಾಶಂಕರದ ಕಾಡುದಾರಿ ಅವರಿಗೆ ಆಗುವುದಿಲ್ಲ. ನೀನು ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಡು.

ಕುಂದಾಪ್ರ_ಡೊಂಬಿವಲಿ

ಡಿಸೆಂಬರಿನಲ್ಲಿ ಹೋಗುವುದಾದರೆ ಅಪ್ಪನಿಗೆ ಸ್ವೆಟರ್, ಕಿವಿಗೆ ಮಫ್ಲರ್ ಮರೆಯಬೇಡಿ. ಅಲ್ಲಿ ಬೆಳಿಗ್ಗೆ ತುಂಬ ಥಂಡಿ.